ಆಲ್ವಿನೆ ಟೆಬ್ಬೆ ಮತ್ತು ಲೋಕಾಂಪ್ ಮನೆಯ ಹಂದಿತೊಡೆ

ಆಲ್ವಿನೆ ಟೆಬ್ಬೆ ವೆಲ್ಬೆಕ್ ಊರಿನಲ್ಲಿ ಬದುಕಿರುವವರಿಗೆ ಮೂವತ್ತನಾಲ್ಕು ವರ್ಷ ಅಂಚೆ ಕಾಗದ ಹಂಚಿದಳು. ನಿವೃತ್ತಿಯಾದ ಮೇಲೆ ಸತ್ತವರ ಕಾಗದ ಹಂಚತೊಡಗಿದಳು. ಊರವರು ಹೀಗೆ ತಮಾಷೆ ಮಾಡಿದರೆ ಅವಳೂ ಜೊತೆಗೇ ನಗುತ್ತಿದ್ದಳು, ಏಕೆಂದರೆ ಅದರಲ್ಲಿ ಸುಳ್ಳೇನೂ ಇರಲಿಲ್ಲ. ಮಂಗಳವಾರ ಮತ್ತು ಗುರುವಾರ ಮಧ್ಯಾಹ್ನ ಪಾದ್ರಿ ಮನೆಯ ಮಹಡಿ ಕೋಣೆಯ ಬೀಗ ತೆಗೆದು ಕುಳಿತಳೆಂದರೆ, ಊರಿನ ಮುನ್ನೂರೈವತ್ತು ವರ್ಷದ ಮಕ್ಕಳ ಜ್ಞಾನಸ್ನಾನ, ಮದುವೆ, ಸಾವು ಬರೆದಿಟ್ಟ ಪುಸ್ತಕಗಳೆಲ್ಲ ಅವಳ ಕೈಯಲ್ಲಿ. ಆ ಹಳೆಯ ಮುರುಕು ಅಕ್ಷರವನ್ನು ಓದಬಲ್ಲವರು ಊರಿನಲ್ಲಿ ಅವಳನ್ನು ಬಿಟ್ಟರೆ ಇನ್ನೊಬ್ಬರಿರಲಿಲ್ಲ. ಪಾದ್ರಿಗೂ ಬರುತ್ತಿರಲಿಲ್ಲ. ಆಲ್ವಿನೆ ಕಲಿತದ್ದು ಅಜ್ಜಿಯ ಅಡುಗೆ ಪುಸ್ತಕದಿಂದ. ಪ್ಲಮ್ ಹಣ್ಣಿನ ಕೇಕಿಗೆ ಎಷ್ಟು ಬೆಣ್ಣೆ ಎಂದು ತಿಳಿಯುವ ಆಸೆಗೆ ಹತ್ತನೆಯ ವಯಸ್ಸಿನಲ್ಲಿ ಕಲಿತ ವಿದ್ಯೆ ಎಪ್ಪತ್ತೊಂದರಲ್ಲೂ ಕೆಲಸಕ್ಕೆ ಬರುತ್ತಿತ್ತು.

ನದಿಮೂಲ ಋಷಿಮೂಲ ಕೆದಕಬಾರದು ಎಂದು ದೊಡ್ಡವರು ಹೇಳಿದ್ದಾರೆ. ಆಲ್ವಿನೆಗೆ ಅದೇ ಕಸುಬು. ಕೈ ತೊಳೆಯದೆ ಪುಸ್ತಕ ಮುಟ್ಟುವಂತಿಲ್ಲ. ಕಾಫಿ ಒಳಗೆ ತರುವಂತಿಲ್ಲ. ಹಸಿವಾದರೆ ಮೆಟ್ಟಿಲಲ್ಲಿ ಕುಳಿತು ಬ್ರೆಡ್ಡು ತಿಂದು ಬರಬೇಕು. ಓದುವಾಗ ಅವಳು ಸತ್ತವರ ಜೊತೆ ಜಗಳವಾಡುತ್ತಿದ್ದಳು. "ಎರಡು ಸಾಲು ನೆಟ್ಟಗೆ ಬರೆಯೋಕೆ ಬರಲ್ವಲ್ಲೋ, ಪೂಜೆ ವೈನೆಲ್ಲ ನೀನೇ ಕುಡಿದ್ಯಾ?" ಎಂದು ಸಾವಿರದ ಏಳುನೂರರ ಪಾದ್ರಿಯೊಬ್ಬನನ್ನು ಬೈಯುವುದು ಕೆಳಗಿನ ಅಡುಗೆಮನೆಗೂ ಕೇಳಿಸುತ್ತಿತ್ತು. ಅಮೆರಿಕದಿಂದ ಬೇರು ಹುಡುಕಿಕೊಂಡು ಬಂದವರು ಅವಳ ಮೇಜಿನ ಮುಂದೆ ಕುಳಿತು ಅತ್ತದ್ದುಂಟು. ಆಗ ಅವಳು ಕರ್ಚೀಫು ಕೊಡುತ್ತಿದ್ದಳು, ಆದರೆ ಪುಸ್ತಕವನ್ನು ಮಾತ್ರ ಮೊದಲು ಆಚೆ ಸರಿಸುತ್ತಿದ್ದಳು. ಕಣ್ಣೀರು ಬಿದ್ದರೆ ಶಾಯಿ ಕದಡುತ್ತದೆ.

ಅಂಚೆಯವಳಾಗಿದ್ದಾಗಿನ ಒಂದು ನಿಯಮವನ್ನು ಅವಳು ಇಲ್ಲಿಗೂ ತಂದಿದ್ದಳು. ಕಾಗದದಲ್ಲಿ ಏನಿದ್ದರೂ ಅದು ಹೆಸರಿದ್ದವನ ಕೈ ಸೇರಬೇಕು. ಸಾವಿನ ಸುದ್ದಿಯ ಕಪ್ಪಂಚಿನ ಕಾಗದವಾದರೂ ಸರಿ, ಕೋರ್ಟಿನ ನೋಟೀಸಾದರೂ ಸರಿ, ಹಂಚುವವಳು ತಡೆಯಬಾರದು, ತಿದ್ದಬಾರದು. ತಾತ ಕಳ್ಳನಾಗಿದ್ದರೆ ಕಳ್ಳ ಎಂದೇ ಹೇಳಿ ಕಳಿಸುತ್ತಿದ್ದಳು.

ಈ ನಿಯಮ ಮುರಿದದ್ದು ಎವಾಲ್ಡ್ ಲೋಕಾಂಪ್‌ನ ದೆಸೆಯಿಂದ.

ಫೆಬ್ರವರಿಯ ಒಂದು ಮಂಗಳವಾರ ಅವನು ಕೋಲೂರಿಕೊಂಡು ಮಹಡಿ ಹತ್ತಿ ಬಂದ. ಎಪ್ಪತ್ತಾರು ವಯಸ್ಸು, ಸೊಂಟದ ಮೂಳೆ ಬದಲಾಯಿಸಿಯಾಗಿತ್ತು. ಊರಾಚೆ ಓಕ್ ಮರಗಳ ನಡುವಿನ ಲೋಕಾಂಪ್ ಹೊಲಮನೆಯ ಯಜಮಾನ. ಚಿಕ್ಕಂದಿನಲ್ಲಿ ಇಬ್ಬರೂ ಒಂದೇ ಶಾಲೆ. ಹರೆಯದಲ್ಲಿ ಒಂದು ಹಬ್ಬದಲ್ಲಿ ಇಬ್ಬರೂ ಮೂರು ಸಲ ಜೊತೆಗೆ ಕುಣಿದಿದ್ದರು. ನಾಲ್ಕನೆಯ ಸಲ ಕರೆಯುತ್ತಾನೆಂದು ಆಲ್ವಿನೆ ಕಾದಳು, ಅವನು ಬಿಯರ್ ತರಲು ಹೋದವನು ಬರಲಿಲ್ಲ. ಅದು ಹಳೆಯ ಕಥೆ. ಆದರೂ ಅವನ ಕೋಲಿನ ಸದ್ದು ಮೆಟ್ಟಿಲಲ್ಲಿ ಕೇಳಿದರೆ ಅವಳು ಈಗಲೂ ಕೂದಲು ಸರಿಮಾಡಿಕೊಳ್ಳುತ್ತಿದ್ದಳು.

"ಏನ್ ಎವಾಲ್ಡ್, ಇಷ್ಟು ಮೆಟ್ಟಿಲು ಹತ್ತಿ ಬಂದಿದ್ದೀಯ, ಸತ್ತೋರನ್ನ ನೋಡೋಕಾ, ಅವರ ಜೊತೆ ಸೇರೋಕಾ?"

"ಸೇರೋಕೆ ಇನ್ನೂ ಟೈಮಿದೆ ಕಣೆ. ನನಗೊಂದು ಸಾಲು ಖಾಲಿ ಇಟ್ಟಿರು, ಸಾಕು."

ಕುಳಿತು ಉಸಿರು ತೆಗೆದುಕೊಂಡು ಬಂದ ಕೆಲಸ ಹೇಳಿದ. ಹೊಲಮನೆಯನ್ನು ಈ ಮೇ ತಿಂಗಳಲ್ಲಿ ಬರೆದುಕೊಡುತ್ತಾನೆ. ನೋಟರಿ ಹತ್ತಿರ ದಿನ ಗೊತ್ತಾಗಿದೆ. ಅಂದು ನಡುಮನೆಯಲ್ಲಿ ತೂಗುಹಾಕಲು ಒಂದು ವಂಶವೃಕ್ಷ ಬೇಕು. ದೊಡ್ಡ ಬಾಗಿಲಿನ ಮೇಲಿನ ತೊಲೆಯಲ್ಲಿ ಕೆತ್ತಿದ ಹೆಸರಿನಿಂದ ಶುರುವಾಗಿ ಅವನವರೆಗೆ.

"ಯೊಹಾನ್ ಲೋಕಾಂಪ್, ಅನ್ನಾ ಕತರೀನಾ, ಸಾವಿರದ ಏಳುನೂರ ನಲವತ್ತೊಂದು," ಎಂದಳು ಆಲ್ವಿನೆ. ಮೂವತ್ತನಾಲ್ಕು ವರ್ಷ ಆ ತೊಲೆಯ ಕೆಳಗೆ ಸೈಕಲ್ ನಿಲ್ಲಿಸಿದವಳಿಗೆ ಅದು ಬಾಯಿಪಾಠ. "ಅದೇನು ಮಹಾ, ಎರಡು ಮಂಗಳವಾರದ ಕೆಲಸ. ಸಿಲ್ಕೆಗೆ ಬರೆದುಕೊಡ್ತಿದ್ದೀಯಲ್ಲ, ಒಳ್ಳೇದಾಯ್ತು ಬಿಡು."

ಎವಾಲ್ಡ್ ಟೋಪಿ ತೆಗೆದು ಮಂಡಿಯ ಮೇಲಿಟ್ಟುಕೊಂಡ. "ಸಿಲ್ಕೆಗಲ್ಲ. ಯೆನ್ಸ್‌ಗೆ."

ಯೆನ್ಸ್ ಅವನ ದಾಯಾದಿಯ ಮೊಮ್ಮಗ. ಡಾರ್ಟ್‌ಮುಂಡಿನಲ್ಲಿ ಅಡುಗೆಮನೆ ಕಪಾಟು ಮಾರುತ್ತಿದ್ದ. ಸಿಲ್ಕೆ ಎವಾಲ್ಡನ ಹೆಂಡತಿ ಇರ್ಮ್ಗಾರ್ಡಳ ಮಗಳು, ಮೊದಲ ಗಂಡನಿಗೆ ಹುಟ್ಟಿದವಳು. ವಿಧವೆ ಇರ್ಮ್ಗಾರ್ಡ್ ಮದುವೆಯಾಗಿ ಲೋಕಾಂಪ್ ಮನೆಗೆ ಬಂದಾಗ ಸಿಲ್ಕೆಗೆ ಆರು ವರ್ಷ, ಕಂಕುಳಲ್ಲಿ ಒಂದು ಕೋಳಿ. ಎವಾಲ್ಡನ ಅಪ್ಪ ಆ ಮಗುವನ್ನು ನೋಡಿ, "ಗೂಡಿಗೆ ಕೋಗಿಲೆ ಮರಿ ಬಂತು" ಎಂದಿದ್ದ. ಆಮೇಲೆ ಎವಾಲ್ಡನಿಗೆ ಮಕ್ಕಳಾಗಲಿಲ್ಲ. ಇರ್ಮ್ಗಾರ್ಡ್ ತೀರಿಕೊಂಡು ಒಂಬತ್ತು ವರ್ಷವಾಯಿತು. ಸಿಲ್ಕೆಗೆ ಈಗ ನಲವತ್ತನಾಲ್ಕು. ಅರವತ್ತು ಹಸುಗಳನ್ನು ಒಬ್ಬಳೇ ಕರೆಯುತ್ತಾಳೆ, ಎವಾಲ್ಡನ ಕಾಲುಚೀಲವನ್ನೂ ಅವಳೇ ಹಾಕುತ್ತಾಳೆ.

"ಆ ಕಪಾಟಿನವನಿಗೆ ಹಸು ಯಾವುದು ಹೋರಿ ಯಾವುದು ಗೊತ್ತಾ?" ಎಂದಳು ಆಲ್ವಿನೆ.

"ಕಲೀತಾನೆ."

"ಸಿಲ್ಕೆ ಏನಂದ್ಲು?"

"ಏನೂ ಅನ್ನಲಿಲ್ಲ. ಎರಡು ಕೋಣೆ ಸಾಯೋವರೆಗೂ ಅವಳಿಗೆ ಅಂತ ಬರೆಸ್ತೀನಿ." ಅವನ ದನಿ ಒಡೆಯಿತು. "ಬಂಗಾರದಂಥ ಹುಡುಗಿ ಕಣೆ. ನನಗೆ ಗೊತ್ತಿಲ್ವಾ? ಆದ್ರೆ ರಕ್ತ ಅಲ್ಲವಲ್ಲ. ಅಪ್ಪ ಸಾಯೋವಾಗ ನನ್ನ ಕೈ ಹಿಡಿದು ಮಾತು ತಗೊಂಡ, ಲೋಕಾಂಪ್ ರಕ್ತ ಬಿಟ್ಟು ಬೇರೆಯವರಿಗೆ ಈ ನೆಲ ಹೋಗಬಾರದು ಅಂತ. ಮುನ್ನೂರು ವರ್ಷದ ಗೆರೆ. ನಾನು ಕಡಿಯೋದಾ?"

ಆಲ್ವಿನೆಗೆ ಸಿಟ್ಟು ಬಂತು, ಅವನ ಒದ್ದೆ ಕಣ್ಣು ನೋಡಿ ಇಳಿಯಿತು. ಬೇಕೆಂದು ಅನ್ಯಾಯ ಮಾಡುವವನಲ್ಲ ಅವನು. ಕೊಟ್ಟ ಮಾತು ಅವನ ಕತ್ತಿಗೆ ನೊಗದಂತೆ ಕೂತಿತ್ತು.

ಆ ಸೀಮೆಯಲ್ಲಿ ಹಿಂದೆ ಹೆಸರು ಮನುಷ್ಯನದಾಗಿರಲಿಲ್ಲ, ನೆಲದ್ದಾಗಿತ್ತು. ಲೋಕಾಂಪ್ ಮನೆಗೆ ಮನೆಅಳಿಯನಾಗಿ ಬಂದವನು ತನ್ನ ಹೆಸರನ್ನು ಹೊಸಿಲಾಚೆ ಬಿಟ್ಟು ಲೋಕಾಂಪ್ ಆಗುತ್ತಿದ್ದ. ಹೆಸರು ಒಂದೇ ಎಂದು ರಕ್ತವೂ ಒಂದೇ ಅಂದುಕೊಳ್ಳಬೇಡಿ ಎಂದು ಆಲ್ವಿನೆ ಅಮೆರಿಕದವರಿಗೆ ಬೆರಳೆತ್ತಿ ಪಾಠ ಹೇಳುತ್ತಿದ್ದಳು. ಹಾಗೆ ಹೇಳುವವಳೇ ಲೋಕಾಂಪ್ ಮನೆಯ ವಿಷಯದಲ್ಲಿ ಆ ಮಾತು ಮರೆತಿದ್ದಳು. ದಿನಾ ನೋಡುವ ತೊಲೆಯನ್ನು ಯಾರು ಅನುಮಾನಿಸುತ್ತಾರೆ?

ಎವಾಲ್ಡನಿಂದ ಹಿಂದಕ್ಕೆ ಏಳು ತಲೆಮಾರು ಸಲೀಸಾಗಿ ಸಿಕ್ಕಿತು, ಅಪ್ಪನಿಂದ ಮಗನಿಗೆ, ಅಪ್ಪನಿಂದ ಮಗನಿಗೆ. ಸಾವಿರದ ಏಳುನೂರ ಅರವತ್ತಾರರಲ್ಲಿ ಹುಟ್ಟಿದ ಹೆರ್ಮನ್ ಲೋಕಾಂಪ್ ಎಂಬವನ ಹತ್ತಿರ ಬಂದು ಬಂಡಿ ನಿಂತಿತು. ಜ್ಞಾನಸ್ನಾನದ ಪುಸ್ತಕದಲ್ಲಿ ತಂದೆ ಲೋಕಾಂಪ್ ಎಂದಿತ್ತು, ತಾಯಿಯ ಜಾಗದಲ್ಲಿ ಅನ್ನಾ ಕತರೀನಾ ಇರಲಿಲ್ಲ. ಗೆರ್ಟ್ರೂಡ್ ಎಂದಿತ್ತು. ಆ ವರ್ಷಗಳ ಮದುವೆ ಪುಸ್ತಕವನ್ನು ಯಾವುದೋ ಕಾಲದ ಇಲಿಗಳು ತಿಂದಿದ್ದವು. ಆಲ್ವಿನೆ ಸಾವಿನ ಪುಸ್ತಕ ತೆರೆದಳು.

ಸಾವಿರದ ಏಳುನೂರ ಐವತ್ತೊಂಬತ್ತು, ಸೆಪ್ಟೆಂಬರ್. ಯುದ್ಧದ ಸಿಪಾಯಿಗಳು ಊರಿಗೆ ತಂದ ರಕ್ತಭೇದಿ. ಲೋಕಾಂಪ್ ಮನೆಯ ಮಗು, ಎರಡು ವರ್ಷ. ಮೂರು ದಿನದ ನಂತರ ಲೋಕಾಂಪ್ ಮನೆಯ ಮಗು, ಏಳು ವರ್ಷ. ಮಾರನೆಯ ದಿನ ಲೋಕಾಂಪ್ ಮನೆಯ ಮಗು, ಹನ್ನೊಂದು ವರ್ಷ. ಇನ್ನೈದು ದಿನಕ್ಕೆ ಅವರ ತಾಯಿ ಅನ್ನಾ ಕತರೀನಾ. ಒಂಬತ್ತು ದಿನ, ನಾಲ್ಕು ಸಾಲು. ಆ ಪಾದ್ರಿಯ ಅಕ್ಷರ ಸಾಲಿನಿಂದ ಸಾಲಿಗೆ ಓರೆಯಾಗುತ್ತ ಹೋಗಿತ್ತು. ಆಲ್ವಿನೆ ಅವತ್ತು ಅವನನ್ನು ಬೈಯಲಿಲ್ಲ. ಕನ್ನಡಕ ತೆಗೆದಿಟ್ಟು ಸ್ವಲ್ಪ ಹೊತ್ತು ಅತ್ತಳು, ಪುಸ್ತಕ ಆಚೆ ಸರಿಸಿ.

ಉಳಿದದ್ದು ಊರಿನ ಪುಸ್ತಕದಲ್ಲಿರಲಿಲ್ಲ. ಆಗ ಲೋಕಾಂಪ್ ನೆಲದ ಒಡೆತನ ಸನ್ಯಾಸಿನಿಯರ ಒಂದು ಮಠದ್ದು. ಮಠದ ಗೇಣಿ ಪುಸ್ತಕ ಈಗ ಮ್ಯೂನ್‌ಸ್ಟರ್‌ನ ದಫ್ತರಖಾನೆಯಲ್ಲಿ ಇತ್ತು. ಆಲ್ವಿನೆ ಬ್ರೆಡ್ಡು ಕಟ್ಟಿಕೊಂಡು ಬಸ್ಸು ಹತ್ತಿದಳು, ಎರಡು ಗಂಟೆಯಲ್ಲಿ ಬೇಕಾದ ಪುಟ ಸಿಕ್ಕಿತು. ತೊಲೆಯ ಮೇಲಿನ ಯೊಹಾನ್ ಹುಟ್ಟಿನಿಂದ ಲೋಕಾಂಪ್ ಅಲ್ಲ, ಮನೆಅಳಿಯ. ಮನೆಯ ರಕ್ತ ಅನ್ನಾ ಕತರೀನಾಳದು. ಅವಳು ಇದ್ದ ಮೂವರು ಮಕ್ಕಳೊಂದಿಗೆ ಹೋದ ಮೇಲೆ ಯೊಹಾನ್ ಗೆರ್ಟ್ರೂಡ್ ಎಂಬವಳನ್ನು ಮದುವೆಯಾದ. ಮಕ್ಕಳಾಗುವ ಮೊದಲೇ ಅವನೂ ಸತ್ತ. ಗೆರ್ಟ್ರೂಡ್ ಒಬ್ಬಳೇ ಎರಡು ವರ್ಷ ಬೇಸಾಯ ಮಾಡಿ, ಆಮೇಲೆ ಕಾಸ್ಪರ್ ಎಂಬ ಆಳನ್ನು ಕಟ್ಟಿಕೊಂಡಳು. ಅವನೂ ಲೋಕಾಂಪ್ ಎನಿಸಿಕೊಂಡ. ಹೆರ್ಮನ್ ಅವರಿಬ್ಬರ ಮಗ. ಎಂದರೆ ಎವಾಲ್ಡನ ಮೈಯಲ್ಲಾಗಲೀ ಕಪಾಟು ಮಾರುವ ಯೆನ್ಸನ ಮೈಯಲ್ಲಾಗಲೀ ತೊಲೆಯ ಮನೆಯ ರಕ್ತ ಒಂದು ತೊಟ್ಟೂ ಇರಲಿಲ್ಲ.

ಬಸ್ಸಿನಲ್ಲಿ ವಾಪಸು ಬರುವಾಗ ಆಲ್ವಿನೆಗೆ ಮೊದಲು ಬಂದದ್ದು ನಗು. ಊರು ಹತ್ತಿರವಾದಂತೆ ಹೆದರಿಕೆ ಶುರುವಾಯಿತು.

ಅವಳು ಮಾಡಿದ ತಪ್ಪು ಏನೆಂದರೆ, ಕಾಗದವನ್ನು ಹೆಸರಿದ್ದವನಿಗಿಂತ ಮೊದಲು ಬೇರೆಯವರಿಗೆ ತೋರಿಸಿದ್ದು. ಶನಿವಾರ ಸಿಲ್ಕೆ ಎಂದಿನಂತೆ ಮೊಟ್ಟೆ ಕೊಡಲು ಬಂದಳು. ಬೂಟಿನ ಕೆಸರು ಒಳಗೆ ಬರಬಾರದೆಂದು ಹೊಸಿಲಲ್ಲೇ ನಿಂತಳು. ಆ ನಿಲುವು ನೋಡಿ ಆಲ್ವಿನೆಗೆ ಬಾಯಿ ಕಟ್ಟಿಕೊಳ್ಳಲಾಗಲಿಲ್ಲ, ಎಲ್ಲವನ್ನೂ ಹೇಳಿಬಿಟ್ಟಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಸಿಲ್ಕೆ ಹಿಗ್ಗುತ್ತಾಳೆ ಎಂದುಕೊಂಡಿದ್ದಳು. ಸಿಲ್ಕೆಯ ಮುಖ ಬಿಳಿಚಿತು.

"ಅತ್ತೆ, ಇದನ್ನ ಅಪ್ಪಂಗೆ ಹೇಳಬೇಡಿ."

"ಹೇಳದೆ? ಹುಚ್ಚು ಹಿಡೀತಾ ನಿನಗೆ? ನೆಲ ಕೈತಪ್ಪುತ್ತಲ್ಲೇ!"

"ತಪ್ಪಲಿ. ಬೆಳಿಗ್ಗೆ ಎದ್ದು ಕೊಟ್ಟಿಗೆಗೆ ಬರೋಕೆ ಮುಂಚೆ ಅಪ್ಪ ಕೋಲೆತ್ತಿ ಆ ತೊಲೆ ಮುಟ್ತಾನೆ. ಅಮ್ಮ ಸತ್ತ ದಿನಾನೂ ಮುಟ್ಟಿದ. ಅವನಿಗೆ ಇರೋದು ಅದೊಂದೇ. ಅದನ್ನ ಕಿತ್ತುಕೊಂಡು ನಾನು ನೆಲ ತಗೊಳ್ಳಲಾ?"

"ಕಿತ್ತುಕೊಳ್ತಿರೋದು ನೀನಲ್ಲ, ನಾನು."

"ಊರೋರು ಏನಂತಾರೆ? ಆಲ್ವಿನೆಗೆ ಮೊಟ್ಟೆ ತಿನ್ನಿಸಿ ಪುಸ್ತಕ ತಿದ್ದಿಸಿದ್ಲು ಅಂತಾರೆ. ಬೇಡ ಅತ್ತೆ. ಒಂದು ದಿನಾನೂ ಅವನು ನನ್ನನ್ನ ಬೇರೆ ಅಂತ ನೋಡಿಲ್ಲ."

"ಈಗ ನೋಡ್ತಿದ್ದಾನಲ್ಲ!"

ಸಿಲ್ಕೆ ಮೊಟ್ಟೆ ಬುಟ್ಟಿಯನ್ನು ನೆಲದ ಮೇಲಿಟ್ಟು, "ನನ್ನಾಣೆ ಅತ್ತೆ," ಎಂದು ಹೇಳಿ ಹೊರಟುಹೋದಳು.

ಆಲ್ವಿನೆ ಒಂದು ವಾರ ಒದ್ದಾಡಿದಳು. ಹೇಳಿದರೆ ಸಿಲ್ಕೆಯ ಆಣೆ ಮುರಿಯುತ್ತದೆ, ಹೇಳದಿದ್ದರೆ ಸಿಲ್ಕೆಯ ನೆಲ ಹೋಗುತ್ತದೆ. ಕೊನೆಗೆ ದಪ್ಪ ಕಾಗದದ ಮೇಲೆ ತನ್ನ ಅತಿ ಚೆಂದದ ಅಕ್ಷರದಲ್ಲಿ ವಂಶವೃಕ್ಷ ಬರೆದಳು. ಹೆರ್ಮನ್ನನ ತಾಯಿಯ ಜಾಗಕ್ಕೆ ಬಂದಾಗ ಪೆನ್ನು ಎತ್ತಿಟ್ಟು ಎದ್ದು ಕೈ ತೊಳೆದು ಬಂದಳು. ಕುಳಿತು 'ಅನ್ನಾ ಕತರೀನಾ' ಎಂದು ಬರೆದಳು. ಅಂಚೆಯ ಮೂವತ್ತನಾಲ್ಕು ವರ್ಷವೂ ಸೇರಿ ಅವಳ ಕೈಯಿಂದ ತಪ್ಪು ವಿಳಾಸಕ್ಕೆ ಹೋದ ಮೊದಲ ಕಾಗದ ಅದು.

ಎವಾಲ್ಡ್ ಅದನ್ನು ನೋಡಿ ಮಗುವಿನಂತೆ ಹಿಗ್ಗಿದ. ಬೆರಳಿಟ್ಟು ಗೆರೆಯನ್ನು ಮೇಲಿನಿಂದ ಕೆಳಗೆ ಮೂರು ಸಲ ಸವರಿದ. ಮಾರನೆಯ ದಿನವೇ ಅವಳ ಮನೆಗೆ ಒಂದು ಹಂದಿತೊಡೆ ಬಂತು. ಚಳಿಗಾಲದಲ್ಲಿ ಉಪ್ಪು ಸವರಿ, ಲೋಕಾಂಪ್ ಮನೆಯ ಅಟ್ಟದಲ್ಲಿ ತಿಂಗಳುಗಟ್ಟಲೆ ಹೊಗೆ ಕುಡಿದ, ಇಡೀ, ಕೊಯ್ಯದ ತೊಡೆ. ಲೋಕಾಂಪ್ ಮನೆಯಿಂದ ಇಡೀ ತೊಡೆ ಯಾರಿಗೂ ಹೋದದ್ದಿಲ್ಲ. ಅಲ್ಲಿಯ ರೂಢಿ ಹಾಗೆ: ಹೊಸ ತೊಡೆಯ ಮೊದಲ ಹೋಳು ಮನೆಯ ಯಜಮಾನನದು. ಅವನು ತಿಂದ ಮೇಲೆ ಉಳಿದವರಿಗೆ. ಎವಾಲ್ಡ್ ಆ ಹೋಳನ್ನೂ ಅವಳಿಗೆ ಬಿಟ್ಟುಕೊಟ್ಟಿದ್ದ.

ಒಂದು ಸಮಾಧಾನವಿತ್ತು. ವಸಂತದ ಮೊದಲ ಕೋಗಿಲೆ ಕೂಗುವವರೆಗೆ ಆ ಸೀಮೆಯಲ್ಲಿ ಯಾರೂ ಹೊಸ ತೊಡೆಗೆ ಚಾಕು ಹಾಕುವುದಿಲ್ಲ. ಆಲ್ವಿನೆ ಅದನ್ನು ಉಗ್ರಾಣದ ಕೊಕ್ಕೆಗೆ ತೂಗುಹಾಕಿ ಬಾಗಿಲೆಳೆದುಕೊಂಡಳು. "ತೊಡೆ ಹೇಗಿದೆ?" ಎಂದು ಎವಾಲ್ಡ್ ಭಾನುವಾರ ಚರ್ಚಿನ ಅಂಗಳದಲ್ಲಿ ಕೇಳಿದರೆ, "ಕೋಗಿಲೆ ಕೂಗಲಿ ತಡಿ ಮಾರಾಯ, ಅಷ್ಟು ಅವಸರ ಏನು?" ಎನ್ನುತ್ತಿದ್ದಳು. ಮಾರ್ಚ್ ಕಳೆಯಿತು. ಏಪ್ರಿಲ್ ಕಳೆಯಿತು. ಜ್ಯಾಮ್ ತೆಗೆಯಲು ಉಗ್ರಾಣಕ್ಕೆ ಹೋದಾಗಲೆಲ್ಲ ಆ ತೊಡೆ ಅವಳನ್ನೇ ನೋಡುವಂತಿತ್ತು. ಜ್ಯಾಮ್ ತಿನ್ನುವುದನ್ನೇ ಬಿಟ್ಟಳು. ಈ ವರ್ಷ ಕೋಗಿಲೆ ಬಾರದಿರಲಿ ಎಂದು ಪ್ರಾರ್ಥಿಸಿದ ಮುದುಕಿ ಇಡೀ ದೇಶದಲ್ಲಿ ಅವಳೊಬ್ಬಳೇ ಇರಬೇಕು.

ಮೇ ತಿಂಗಳ ಮೊದಲ ಬುಧವಾರ ಬೆಳಿಗ್ಗೆ ಅವಳು ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ಓಕ್ ಮರಗಳ ಕಡೆಯಿಂದ ಕೋಗಿಲೆ ಕೂಗಿತು. ಒಂದು ಸಲ, ಎರಡು ಸಲ. ಆಲ್ವಿನೆ ಒದ್ದೆ ದಿಂಬಿನ ಚೀಲ ಹಿಡಿದು ಹಾಗೇ ನಿಂತಳು. ನೋಟರಿಯ ದಿನ ಶುಕ್ರವಾರ.

"ಆಯ್ತು ಬಿಡು, ಕೇಳಿಸ್ತು," ಎಂದು ಕೋಗಿಲೆಗೆ ಹೇಳಿ ಒಳಗೆ ಹೋದಳು. ಹಂದಿತೊಡೆಯನ್ನು ಬಟ್ಟೆಯಲ್ಲಿ ಸುತ್ತಿ, ಹಳೆಯ ಹಳದಿ ಸೈಕಲ್ಲಿನ ಮುಂದಿನ ಬುಟ್ಟಿಯಲ್ಲಿಟ್ಟು ಹೊರಟಳು. ಏಳು ಕೇಜಿ ತೊಡೆ, ಎಪ್ಪತ್ತೊಂದರ ಮಂಡಿ. ಏರಿನಲ್ಲಿ ಇಳಿದು ತಳ್ಳಿದಳು.

ಎವಾಲ್ಡ್ ದೊಡ್ಡ ಬಾಗಿಲ ಮುಂದಿನ ಬೆಂಚಿನಲ್ಲಿ ಬಿಸಿಲು ಕಾಯಿಸಿಕೊಳ್ಳುತ್ತಿದ್ದ. ಕೊಟ್ಟಿಗೆಯಿಂದ ಹಾಲು ಕರೆಯುವ ಯಂತ್ರದ ಸದ್ದು ಬರುತ್ತಿತ್ತು.

"ಇದೇನೆ, ತೊಡೆಗೆ ಗಾಳಿಸೇವನೆ ಮಾಡಿಸ್ತಿದ್ದೀಯಾ?"

ಆಲ್ವಿನೆ ತೊಡೆಯನ್ನು ಬೆಂಚಿನ ಮೇಲೆ ಅವನ ಪಕ್ಕಕ್ಕಿಟ್ಟಳು. "ತಪ್ಪು ವಿಳಾಸಕ್ಕೆ ಬಂದಿತ್ತು. ವಾಪಸು ತಂದಿದ್ದೀನಿ. ನಾನು ಬರೆದುಕೊಟ್ಟದ್ದು ಸುಳ್ಳು, ಎವಾಲ್ಡ್."

ನಿಂತುಕೊಂಡೇ ಎಲ್ಲ ಹೇಳಿದಳು. ಒಂಬತ್ತು ದಿನದ ನಾಲ್ಕು ಸಾವು, ಯೊಹಾನ್, ಗೆರ್ಟ್ರೂಡ್, ಆಳು ಕಾಸ್ಪರ್. ಎವಾಲ್ಡನ ಮುಖ ಕೆಂಪಾಯಿತು, ಆಮೇಲೆ ಬೂದಿಬಣ್ಣವಾಯಿತು. ಎದ್ದು ನಿಲ್ಲಲು ನೋಡಿದ, ಆಗಲಿಲ್ಲ.

"ಗೊತ್ತಿದ್ದೂ ಸುಳ್ಳು ಬರೆದೆ. ನೀನು!"

"ಹೌದು."

"ಯಾಕೆ?"

ಮುರಿದ ಆಣೆಯಲ್ಲಿ ಸಿಲ್ಕೆಯ ಹೆಸರೊಂದನ್ನಾದರೂ ಆಲ್ವಿನೆ ಉಳಿಸಬೇಕಿತ್ತು. ಆದರೆ ಕಣ್ಣಿಗೆ ಯಾರೂ ಆಣೆ ಹಾಕಿರಲಿಲ್ಲವಲ್ಲ, ಅದು ಕೊಟ್ಟಿಗೆಯ ಕಡೆ ಹೋಯಿತು. ಎವಾಲ್ಡನೂ ಆ ಕಡೆ ನೋಡಿದ.

"ಅವಳಿಗೆ ಗೊತ್ತಾ?"

"ಮೊದಲಿಂದ್ಲೂ."

"ಗೊತ್ತಿದ್ದೂ ಸುಮ್ನಿದ್ಲಾ? ಎರಡು ತಿಂಗಳು? ದಿನಾ ನನ್ನ ಕಾಲುಚೀಲ ಹಾಕ್ತಾ?"

"ನನ್ನ ಬಾಯಿಗೂ ಬೀಗ ಹಾಕಿದ್ಲು. ನೀನು ಬೆಳಿಗ್ಗೆ ಎದ್ದು ಆ ತೊಲೆ ಮುಟ್ತೀಯಂತೆ. ಅದೊಂದು ನಿನಗೆ ಉಳೀಲಿ ಅಂದ್ಲು."

ಎವಾಲ್ಡ್ ತಲೆಯೆತ್ತಿ ತೊಲೆಯನ್ನು ನೋಡಿದ. ಯಂತ್ರದ ಸದ್ದು ನಿಂತಿತು, ಕ್ಯಾನುಗಳ ಸದ್ದು ಶುರುವಾಯಿತು.

"ಆ ಗೆರ್ಟ್ರೂಡ್ ಎಲ್ಲಿಯವಳು?"

"ಗೊತ್ತಿಲ್ಲ. ಬರೆದಿಲ್ಲ."

"ಗಂಡ ಸತ್ತ ಮೇಲೆ ಯಾರೂ ಅವಳನ್ನ ಎಬ್ಬಿಸಲಿಲ್ವಾ? ನೀನ್ಯಾರೇ, ನಿಂದೇನೇ ಇಲ್ಲಿ ಅಂತ?"

"ಮಠದವರು ನೋಡೋಕೆ ಬಂದಿದ್ರು. ಗೇಣಿ ಪುಸ್ತಕದಲ್ಲಿದೆ." ಆಲ್ವಿನೆಗೆ ಅದು ಬಾಯಿಪಾಠವಾಗಿತ್ತು. "'ಯೊಹಾನನ ವಿಧವೆ ಗೆರ್ಟ್ರೂಡ್. ಹಸು ಹನ್ನೆರಡು, ಎಲ್ಲ ಮೈತುಂಬಿಕೊಂಡಿವೆ. ಬೇಲಿ ಗಟ್ಟಿಯಿದೆ. ಅವಳೇ ಇರಲಿ.'"

"ಇನ್ನೊಂದ್ಸಲ ಹೇಳು."

"ಅವಳೇ ಇರಲಿ."

ಎವಾಲ್ಡನ ಗಂಟಲಿನಿಂದ ಒಂದು ಸದ್ದು ಬಂತು. ಅಳು ಎಂದುಕೊಂಡಳು ಆಲ್ವಿನೆ, ನೋಡಿದರೆ ನಗುತ್ತಿದ್ದ, ಕಣ್ಣಿನಲ್ಲಿ ನೀರೂ ಇಳಿಯುತ್ತಿತ್ತು. "ಹಾಗಾದ್ರೆ ನಾವೆಲ್ಲ ಕೋಗಿಲೆ ಮರಿಗಳೇ ಅನ್ನು. ಅಪ್ಪ ಪಾಪ, ತನ್ನನ್ನೇ ತಾನು ಬೈದುಕೊಂಡು ಸತ್ತ." ಟೋಪಿಯಿಂದ ಮುಖ ಒರೆಸಿಕೊಂಡು ಕೊಟ್ಟಿಗೆಯ ಕಡೆ ತಿರುಗಿ ಕೂಗಿದ. "ಸಿಲ್ಕೆ! ಚಾಕು ತಗೊಂಡು ಬಾ! ಉದ್ದದ್ದು!"

ಸಿಲ್ಕೆ ಬಂದಳು. ಬೆಂಚಿನ ಮೇಲಿನ ತೊಡೆಯನ್ನು ನೋಡಿದಳು, ಆಲ್ವಿನೆಯನ್ನು ನೋಡಿದಳು, ಎಲ್ಲ ತಿಳಿದುಹೋಯಿತು. "ಅತ್ತೆ..." ಎಂದಳು.

"ಅವಳನ್ನ ಏನೂ ಅನ್ನಬೇಡ. ಅವಳು ಕಾಗದ ತಂದಿದ್ದಾಳೆ, ಅಷ್ಟೆ," ಎಂದ ಎವಾಲ್ಡ್. ತೊಡೆಯನ್ನು ಮಂಡಿಯ ಮೇಲಿಟ್ಟುಕೊಂಡು, ಮೇಲಿನ ಕಪ್ಪು ಚರ್ಮ ಸರಿಸಿ, ತೆಳ್ಳಗೆ ಒಂದು ಹೋಳು ಕೊಯ್ದ. ಚಾಕುವಿನ ತುದಿಗೆ ಸಿಕ್ಕಿಸಿ ಸಿಲ್ಕೆಯ ಕಡೆ ಚಾಚಿದ.

"ಅಪ್ಪ, ಮೊದಲನೇ ಹೋಳು ನಿಂದಲ್ವಾ?"

"ಯಾರದು ಅಂತ ನನಗೆ ಗೊತ್ತು. ತಿನ್ನು. ಶುಕ್ರವಾರ ಒಳ್ಳೇ ಕೋಟು ಹಾಕ್ಕೊ."

ಸಿಲ್ಕೆಯ ಕೈಯೆಲ್ಲ ಹಾಲು, ಸಗಣಿ. ಅವಳು ಬಾಗಿ ಚಾಕುವಿನಿಂದಲೇ ಬಾಯಿಗೆ ತೆಗೆದುಕೊಂಡಳು. ಅಗಿಯುತ್ತ ಅಗಿಯುತ್ತ ಅಳತೊಡಗಿದಳು. ಆಲ್ವಿನೆ ಕರ್ಚೀಫು ಹುಡುಕಿ ಕೊಟ್ಟಳು. ಇಲ್ಲಿ ಸರಿಸಿಡಲು ಪುಸ್ತಕ ಇರಲಿಲ್ಲ.

ಎರಡನೆಯ ಹೋಳನ್ನು ಎವಾಲ್ಡ್ ಆಲ್ವಿನೆಗೆ ಕೊಟ್ಟ.

"ಉಪ್ಪು ಸ್ವಲ್ಪ ಮುಂದಾಗಿದೆ," ಎಂದಳು ಅವಳು.

"ಅದನ್ನ ಯಜಮಾನಿಗೆ ಹೇಳು," ಎಂದ ಎವಾಲ್ಡ್.